ದಿಂಬು ಬಡಿಯುವವಳು

ಫೆಬ್ರುವರಿ ೩

ಅಕ್ಕ,

ಈ ಪಾರ್ಸೆಲ್ಲು ಕೈಗೆ ಸಿಕ್ಕ ತಕ್ಷಣ ಮೊದಲು ಅಂಟು ಟೇಪು ನೋಡು. ಅದರ ಮೇಲೆ ಹಸಿರು ಪೆನ್ನಿನಲ್ಲಿ ಅಡ್ಡಡ್ಡ ಗೆರೆ ಎಳೆದಿದ್ದೇನೆ. ಗೆರೆ ಎಲ್ಲಾದರೂ ಕೂಡದೆ ಹೋದರೆ ದಾರಿಯಲ್ಲಿ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ನಗಬೇಡ. ಹೋದ ಸಲ ನನ್ನ ಹಾಡುಗಳು ಬಿಡುಗಡೆಗೆ ಎಂಟು ದಿನ ಮುಂಚೆಯೇ ಕಂಡಕಂಡವರ ಫೋನಿನಲ್ಲಿ ಕುಣಿಯುತ್ತಿದ್ದವು. ಯಾರು ಹೊರಗೆ ಬಿಟ್ಟರು ಅಂತ ಇವತ್ತಿಗೂ ಗೊತ್ತಿಲ್ಲ. ನನ್ನ ಜೊತೆ ಬೀಟ್ ಹಾಕುವ ಗೊಗ್ಗನ ಮೇಲೂ ಅರ್ಧ ಅನುಮಾನ ಇಟ್ಟುಕೊಂಡೇ ಅವನ ಜೊತೆ ಊಟ ಮಾಡುತ್ತಿದ್ದೇನೆ.

ಅದಕ್ಕೇ ಈ ಸಲ ಫೋನಿಲ್ಲ, ಮೆಸೇಜಿಲ್ಲ, ಬರೀ ಪೋಸ್ಟು. ಹೇಗೂ ಫೋನಿನಲ್ಲಿ ನಾವಿಬ್ಬರೂ ಮೂರು ನಿಮಿಷ ಜಗಳವಾಡದೆ ಮಾತಾಡಿದ್ದು ಯಾವಾಗ ಹೇಳು.

ಒಳಗಿರುವುದು ಹೊಸ ಆಲ್ಬಮ್ಮಿನ ಮೂಲ ಟೇಪು. ಹೆಸರು ‘ದಿಂಬು ಬಡಿಯುವವಳು’. ಮೊದಲಿಂದ ಕೊನೆಯವರೆಗೆ ಒಂದೇ ದೆವ್ವದ ಕಥೆ, ಹಿಪ್‌ಹಾಪಿನಲ್ಲಿ. ಹಳೆಯ ಗ್ರಾಮಫೋನಿನ ಥರದ ವಿನೈಲ್ ತಟ್ಟೆ ಬಿಟ್ಟು ಬೇರೆ ಯಾವ ರೂಪದಲ್ಲೂ ಬರುವುದಿಲ್ಲ. ಮುನ್ನೂರೇ ಮುನ್ನೂರು ಪ್ರತಿ, ಒಂದೊಂದಕ್ಕೂ ಕೈಯಲ್ಲಿ ಬರೆದ ನಂಬರು. ಆಮೇಲೆ ಅಚ್ಚನ್ನು ನಿಮ್ಮ ಕಾರ್ಖಾನೆಯವರು ಮುರಿದುಹಾಕಬೇಕು. ಏಪ್ರಿಲ್ ೨೦ಕ್ಕೆ ಇಲ್ಲೊಂದು ಮುಚ್ಚಿಹೋದ ಲಾಂಡ್ರಿಯ ನೆಲಮಾಳಿಗೆಯಲ್ಲಿ ಬಿಡುಗಡೆ. ಎಂದಿನ ಹಾಗೆ ಮುಖವಾಡ ಹಾಕಿಕೊಂಡೇ ಹಾಡುತ್ತೇನೆ. ‘ಕಪಾಟು’ ಅನ್ನುವ ಹಾಡುಗಾರ ಯಾರು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಎರಡನೇ ಮುಖದ ಕೊನೆ ವಿಶೇಷ. ಹಾಡು ಮುಗಿದ ಮೇಲೆ ಗೆರೆ ಸುತ್ತಿ ತನ್ನ ಬಾಲವನ್ನು ತಾನೇ ಕಚ್ಚಿಕೊಳ್ಳಬೇಕು, ಮುಳ್ಳು ಅದರೊಳಗೇ ಸಿಕ್ಕಿಕೊಳ್ಳಬೇಕು. ಅಲ್ಲಿ ಮೂರು ತಟ್ಟು: ಟಕ್, ಟಕ್, ಟಕ್. ಯಾರಾದರೂ ಎದ್ದು ಬಂದು ಮುಳ್ಳು ಎತ್ತುವವರೆಗೆ, ಇಡೀ ದಿನವಾದರೂ ಸರಿ, ಅದೇ ಮೂರು ತಟ್ಟು.

ಇದನ್ನು ಕೇಳಿ ಪಾಸು ಮಾಡುವವಳು ನೀನೇ ಆಗಬೇಕು ಅಂತ ನಿಮ್ಮ ಆಫೀಸಿಗೆ ಬರೆದಿದ್ದೇನೆ. ನೀನು ನನ್ನ ಅಕ್ಕ ಅಂತ ಹೇಳಿಲ್ಲ, ನೀನೂ ಹೇಳಬೇಡ. ಅಮ್ಮನಿಗಂತೂ ಬಾಯಿ ಬಿಡಬೇಡ.

ಡಬ್ಬಿ


ಫೆಬ್ರುವರಿ ೧೯

ಡಬ್ಬಿ,

ನಿನ್ನ ಹಸಿರು ಗೆರೆಗಳೆಲ್ಲ ಕೂಡಿವೆ. ಪೋಸ್ಟಿನವನ ಎದುರೇ ಭೂತಗನ್ನಡಿ ಹಿಡಿದು ನೋಡಿದೆ. “ಏನಕ್ಕ, ಬಾಂಬಾ?” ಅಂದ. “ನನ್ನ ತಮ್ಮ ಕಳಿಸಿದ್ದು, ಅದಕ್ಕಿಂತ ಒಂದು ಕೈ ಮೇಲೆ” ಅಂದೆ.

ನಮ್ಮ ಕಾರ್ಖಾನೆಯ ಗೆರೆ ತಾತ ನಿನ್ನ ಟೇಪು ಹಾಕಿಕೊಂಡು ಮೂಲ ತಟ್ಟೆ ಕೊರೆದರು. ನಲವತ್ತು ವರ್ಷದಿಂದ ಆ ಕೊರೆಯುವ ಮಿಷನ್ನಿನ ಮುಂದೆ ಕೂತವರು, ಭಜನೆಯನ್ನೂ ಬೈಗುಳವನ್ನೂ ಒಂದೇ ಮುಖ ಮಾಡಿಕೊಂಡು ಕೊರೆಯುತ್ತಾರೆ. ನಿನ್ನದನ್ನು ಕೊರೆದ ಮೇಲೆ ಮಾತ್ರ, “ಈ ಹುಡುಗನಿಗೆ ಚಿಕ್ಕಂದಿನಲ್ಲಿ ಯಾರೋ ಏನೋ ಮಾಡಿದಾರೆ ಕಣಮ್ಮ” ಅಂದರು.

ನನ್ನ ಕೆಲಸ ಏನು ಅಂತ ನೀನು ಒಂದು ಸಲವೂ ಕೇಳಿದವನಲ್ಲ, ಅದಕ್ಕೇ ಹೇಳುತ್ತೇನೆ. ಬಚ್ಚಲುಮನೆಯಷ್ಟು ಅಗಲದ ಕೋಣೆ, ನಾಲ್ಕೂ ಗೋಡೆಗೆ ಸ್ಪಂಜು, ಒಂದು ಕುರ್ಚಿ, ಒಂದು ಪ್ಲೇಯರು. ಮೊದಲು ತಟ್ಟೆಯನ್ನು ದೀಪದ ಕೆಳಗೆ ಓರೆ ಹಿಡಿದು ನೋಡಬೇಕು. ಗೀರು ಕಣ್ಣಿಗೆ ಕಂಡರೆ ಅಲ್ಲಿಗೇ ಕಥೆ ಮುಗಿಯಿತು, ಮುಳ್ಳು ಇಡುವ ಹಾಗೇ ಇಲ್ಲ, ಮುಳ್ಳು ಕೆಡುತ್ತದೆ. ಒಂದು ಅಡ್ಡ ಗೀರಿದ್ದರೆ ಪ್ರತಿ ಸುತ್ತಿಗೂ ಒಂದು ಟಿಕ್ ಅನ್ನುತ್ತಿರುತ್ತದೆ. ಹನ್ನೆರಡು ವರ್ಷದಿಂದ ಅಂಥ ಟಿಕ್ಕುಗಳನ್ನು ಕಸದ ಬುಟ್ಟಿಗೆ ಹಾಕಿಯೇ ನನ್ನ ಹೊಟ್ಟೆ ತುಂಬುತ್ತಿರುವುದು. ಗೀರಿಲ್ಲದಿದ್ದರೆ ಬಾಗಿಲು ಹಾಕಿಕೊಂಡು ಕೊನೆಯವರೆಗೂ ಕೇಳಬೇಕು. ನಡುವೆ ಎದ್ದರೆ ಮತ್ತೆ ಮೊದಲಿಂದ.

ನಿನ್ನದನ್ನು ಕೊನೆಯವರೆಗೂ ಕೇಳಿದೆ. ಮುನ್ನೂರು ಅಚ್ಚಾಗುವ ಮುಂಚೆ ಪರೀಕ್ಷೆಗೆ ತೆಗೆದ ಐದು ಮಾದರಿ ತಟ್ಟೆಗಳು ಪಾಸಾಗಲಿಲ್ಲ. ಎರಡನೇ ಮುಖದ ನಾಲ್ಕನೇ ಹಾಡಿನಲ್ಲಿ ಮಾತಿನ ಹಿಂದೆ ಧಬ್ ಧಬ್ ಅಂತ ಏನೋ ಸದ್ದು ಬರುತ್ತದೆ. ದೋಷ ಅಂತ ಬರೆದಿದ್ದೇನೆ. ತಾತ ಇನ್ನೊಮ್ಮೆ ಕೊರೆಯುತ್ತಾರೆ.

ಒಂದು ಮಾತು ಕೇಳಲೇ? ಈ ಕಥೆ ನಿನಗೆ ಎಲ್ಲಿ ಸಿಕ್ಕಿತು? ಆ ಬೀಗದ ಕೈ ಹುಡುಗಿ, ಹನ್ನೊಂದು ಮೆಟ್ಟಿಲು, ಇದೆಲ್ಲ?

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಬಿಟ್ಟರೆ ಬಾಯಿ ಎಲ್ಲ ಗಟ್ಟಿಮುಟ್ಟು. ಸ್ವೆಟರ್ ಹಾಕಿಕೋ.

ಅಕ್ಕ


ಫೆಬ್ರುವರಿ ೨೭

ಅಕ್ಕ,

ಅದು ದೋಷವಲ್ಲ ಮಾರಾಯ್ತಿ! ಅದೇ ಬೀಟು! ದಿಂಬನ್ನು ಮರದ ಹಲಗೆಯ ಮೇಲಿಟ್ಟು ಚಪಾತಿ ಕೋಲಿನಲ್ಲಿ ಬಡಿದು ಗೊಗ್ಗ ಎರಡು ದಿನ ರೆಕಾರ್ಡು ಮಾಡಿದ್ದಾನೆ. ಇಡೀ ಆಲ್ಬಮ್ಮಿನ ಹೆಸರೇ ಅದು. ಹನ್ನೆರಡು ವರ್ಷ ಕಿವಿಯಲ್ಲೇ ಹೊಟ್ಟೆ ಹೊರೆದವಳಿಗೆ ದೋಷ ಯಾವುದು, ಬೀಟು ಯಾವುದು ಗೊತ್ತಾಗಲಿಲ್ಲ ಅಂದರೆ ನಾನು ನಂಬಬೇಕೇ?

ನನಗೆ ಏನನ್ನಿಸುತ್ತಿದೆ ಅಂತ ಬಿಚ್ಚಿ ಹೇಳುತ್ತೇನೆ. ಫೇಲಾದ ಮಾದರಿ ತಟ್ಟೆಗಳು ಎಲ್ಲಿ ಹೋಗುತ್ತವೆ? ಕಸಕ್ಕೆ ಅನ್ನುತ್ತೀಯ. ಆ ಕಸವನ್ನು ಯಾರು ಹೊರಗೆ ಒಯ್ಯುತ್ತಾರೆ? ನಿಮ್ಮಲ್ಲಿ ಯಾರಿಗೋ ಒಂದು ಪ್ರತಿ ಬೇಕಾಗಿದೆ. ಎರಡು ಸಲ ಫೇಲು ಮಾಡಿಸಿದರೆ ಹತ್ತು ಪ್ರತಿ ಸಿಗುತ್ತದೆ. ನೀನು ಮಾಡುತ್ತಿದ್ದೀಯ ಅನ್ನುತ್ತಿಲ್ಲ. ನಿನ್ನ ಕೈಲಿ ಮಾಡಿಸುತ್ತಿದ್ದಾರೇನೋ ಅನ್ನುತ್ತಿದ್ದೇನೆ. ಆ ತಾತ ನನ್ನ ಬಾಲ್ಯದ ಬಗ್ಗೆ ಯಾಕೆ ಮಾತಾಡಬೇಕು? ಕೊರೆಯುವವರು ಕೊರೆಯಲಿ.

ಕಥೆ ಎಲ್ಲಿ ಸಿಕ್ಕಿತು ಅಂದೆಯಲ್ಲ. ಕಥೆ ಅಂದರೆ ಕಥೆ ಅಷ್ಟೇ. ನೀನು ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೀಯ?

ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಡಬ್ಬಿ


ಮಾರ್ಚ್ ೮

ಡಬ್ಬಿ,

ಎರಡನೇ ಮಾದರಿಯನ್ನೂ ಫೇಲು ಮಾಡಿದ್ದೇನೆ. ಧಬ್ ಧಬ್ ಬೀಟು ಅಂದೆಯಲ್ಲ, ಸರಿ, ಒಪ್ಪಿದೆ. ಈ ಸಲ ತೊಂದರೆ ಕೊನೆಯ ಸುತ್ತಿನಲ್ಲಿ. ಮುಳ್ಳು ಅಲ್ಲಿ ನಿಲ್ಲುವುದಿಲ್ಲ, ಜಾರಿ ಲೇಬಲ್ಲಿನ ಮೇಲೆ ಹೋಗುತ್ತದೆ. ಇದಕ್ಕೆ ಸುಲಭದ ದಾರಿ ಆ ಮೂರು ತಟ್ಟನ್ನೇ ತೆಗೆದುಬಿಡುವುದು. ಹಾಡು ಮುಗಿಯಲಿ, ಸುಮ್ಮನಾಗಲಿ. ಎಲ್ಲರ ತಟ್ಟೆಯೂ ಹಾಗೇ ತಾನೇ ಮುಗಿಯುವುದು. ಕೇಳುವವರಿಗೂ ಸಮಾಧಾನ.

ಫೇಲಾದ ತಟ್ಟೆಗಳನ್ನು ನಾನೇ ನನ್ನ ಕೈಯಾರೆ ಗರಗಸಕ್ಕೆ ಕೊಟ್ಟಿದ್ದೇನೆ. ತುಂಡುಗಳನ್ನು ಪೊಟ್ಟಣ ಕಟ್ಟಿ ಕಳಿಸುತ್ತಿದ್ದೇನೆ. ಬೇಕಿದ್ದರೆ ಕೂಡಿಸಿ ಎಣಿಸಿಕೋ. ತಾತನ ಬಗ್ಗೆ ಇನ್ನೊಂದು ಮಾತಾಡಿದರೆ ನಿನ್ನ ಕಿವಿ ಹಿಂಡಲು ರಜೆ ಹಾಕಿ ಬರುತ್ತೇನೆ.

ಕವರಿನ ಹಿಂಬದಿಗೆ ಅಚ್ಚಾಗಬೇಕಾದ ಸಾಲುಗಳನ್ನು ಆಫೀಸಿನಲ್ಲಿ ನೋಡಿದೆ. ‘ಅಪ್ಪನಿಗೆ. ಮೇಲಿನ ಕೋಣೆಯಲ್ಲಿ ಮಲಗಿದ್ದವನಿಗೆ. ಎಚ್ಚರವಾಗಿದ್ದರೆ ನೀನು ಬಂದು ಬಾಗಿಲು ತೆಗೆಯುತ್ತಿದ್ದೆ.’ ಇದು ಬೇಕೇನೋ? ಅಪ್ಪ ಹೋದಾಗ ನಿನಗೆ ಎಂಟು ವರ್ಷ. ಸತ್ತವರನ್ನು ಹಾಡಿಗೆ ಎಳೆಯದಿದ್ದರೆ ಆಗುವುದಿಲ್ಲವೇ?

ನನಗೂ ಒಂದು ಅನುಮಾನ ಇದೆ. ನಿನ್ನ ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಇನ್ನೊಂದು ಕಾರ್ಖಾನೆ ಇದೆ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ಎರಡು ದಿನದ ದಾರಿ ಪಾರ್ಸೆಲ್ ಕಳಿಸಿ ಇಲ್ಲೇ ಯಾಕೆ ಮಾಡಿಸುತ್ತಿದ್ದೀಯ?

ಅಕ್ಕ


ಮಾರ್ಚ್ ೧೫

ಅಕ್ಕ,

ಗೊಗ್ಗ ನಿಮ್ಮ ಗೆರೆ ತಾತನಿಗೆ ಫೋನು ಮಾಡಿದ್ದ. “ಕೊನೇ ಸುತ್ತು ತೊಂದ್ರೆನಾ? ಯಾರಪ್ಪ ಹೇಳಿದ್ದು? ಮುಳ್ಳು ಅಲ್ಲಿ ಗೂಟ ಹೊಡ್ದಂಗೆ ಕೂರತ್ತೆ. ನನ್ನ ಸರ್ವೀಸಲ್ಲೇ ಇಂಥದ್ದು ಕೊರೆದಿಲ್ಲ” ಅಂದರಂತೆ. ನೀನು ಸುಳ್ಳು ಹೇಳಿದೆ. ತಟ್ಟೆಯಲ್ಲಿ ದೋಷವೇ ಇರಲಿಲ್ಲ.

ಹಾಗಾದರೆ ಈಗ ಇಬ್ಬರೂ ನಿಜ ಮಾತಾಡೋಣ. ಹೌದು, ಬೇಕಂತಲೇ ಅಲ್ಲಿಗೆ ಕಳಿಸಿದೆ. ನಡುವೆ ಎದ್ದುಹೋಗಲು ಆಗದ ಕೆಲಸ ಇರುವವಳು ನೀನೊಬ್ಬಳೇ. ನಿನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿ ಕೂರಿಸಬೇಕಿತ್ತು, ಆ ಮೂರು ತಟ್ಟು ಕೇಳಿಸಬೇಕಿತ್ತು. ಅಷ್ಟೇ ನನಗೆ ಬೇಕಿದ್ದದ್ದು.

ನನಗೆ ಆರು ವರ್ಷ, ನಿನಗೆ ಹನ್ನೊಂದು. ಅಮ್ಮ ಕೆಲಸಕ್ಕೆ ಹೋಗಿರುತ್ತಿದ್ದಳು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮೇಲಿನ ಕೋಣೆಯಲ್ಲಿ ಮಲಗಿರುತ್ತಿದ್ದರು. ನಾನು ನನ್ನ ಪಾಡಿಗೆ ಆಡುತ್ತಿದ್ದರೆ ನೀನು ಕೈ ಹಿಡಿದು ಎಳೆದುಕೊಂಡು ಹೋಗಿ ಆ ರಜಾಯಿಗಳ ಕಪಾಟಿಗೆ ತಳ್ಳಿ ಬೀಗ ತಿರುವುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ. ಕತ್ತಲೆ, ನುಸಿಗುಳಿಗೆಯ ವಾಸನೆ. ಮೆಟ್ಟಿಲ ಮೇಲೆ ಕಾಲಿನ ಸದ್ದು. ಆಮೇಲೆ ಧಬ್, ಧಬ್. ಏನದು ಅಂತ ಆಮೇಲೆ ಕೇಳಿದರೆ “ದಿಂಬು ಬಡೀತಿದ್ದೆ” ಅನ್ನುತ್ತಿದ್ದೆ. ಎಷ್ಟು ದಿಂಬು ಇದ್ದವು ನಮ್ಮ ಮನೆಯಲ್ಲಿ? ಬಡಿದು ಬಡಿದು ಸುಸ್ತಾದ ಮೇಲೆ ಕಪಾಟಿನ ಹತ್ತಿರ ಬಂದು ಮೂರು ಸಲ ತಟ್ಟುತ್ತಿದ್ದೆ, ನನ್ನನ್ನು ಇನ್ನಷ್ಟು ಹೆದರಿಸಲು. ಬಾಗಿಲು ತೆಗೆದಾಗ ನಿನ್ನ ಮುಖ ನಿನ್ನ ಮುಖದ ಹಾಗೇ ಇರುತ್ತಿರಲಿಲ್ಲ.

ಇಪ್ಪತ್ತೈದು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಮೂವತ್ತೊಂದನೇ ವಯಸ್ಸಿನಲ್ಲೂ ದೀಪ ಹಾಕಿಕೊಂಡೇ ಮಲಗುತ್ತೇನೆ. ಅಪ್ಪನಿಗೆ ಒಂದೇ ಒಂದು ದಿನ ಎಚ್ಚರವಾಗಿದ್ದರೆ ನಿನ್ನ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ಆ ಸಾಲು ಅಲ್ಲೇ ಇರುತ್ತದೆ.

ತಟ್ಟನ್ನು ತೆಗೆಯುವುದಿಲ್ಲ. ಕವರುಗಳು ಪ್ರೆಸ್ಸಿನಿಂದ ನೇರವಾಗಿ ನಿಮ್ಮಲ್ಲಿಗೆ ಬರುತ್ತವೆ. ಚಿತ್ರ ನಾನೇ ಬರೆದದ್ದು. ನೋಡು.

ಡಬ್ಬಿ


ಮಾರ್ಚ್ ೨೯

ಡಬ್ಬಿಗೆ,

ಮಾದರಿ ತಟ್ಟೆ ಪಾಸಾಗಿದೆ. ದೋಷ: ಇಲ್ಲ. ಸಹಿ ಹಾಕಿ ಕೊಟ್ಟಿದ್ದೇನೆ. ಸೋಮವಾರದಿಂದ ಮುನ್ನೂರು ಪ್ರತಿ ಅಚ್ಚಾಗುತ್ತವೆ. ಬಿಡುಗಡೆಗೆ ಮುಂಚೆ ತಲುಪುತ್ತವೆ.

ಕವರು ಬಂದಿದೆ. ನೋಡಿದೆ.

ಅಕ್ಕ


ಏಪ್ರಿಲ್ ೩

ಅಕ್ಕ,

ಇದೇನಿದು? ನಾನು ಸೊಂಟ ಕಟ್ಟಿಕೊಂಡು ಜಗಳಕ್ಕೆ ನಿಂತಿದ್ದರೆ ನೀನು ನಾಲ್ಕು ಸಾಲು ಬರೆದು ಸಹಿ ಹಾಕಿದ್ದೀಯ. ಹುಟ್ಟಿದಾಗಿನಿಂದ ಒಂದೇ ಒಂದು ಜಗಳ ನೀನು ಬಿಟ್ಟುಕೊಟ್ಟವಳಲ್ಲ. ಕೊನೆಯ ಬಿಸ್ಕತ್ತಿಗೂ ನನ್ನ ಕೈ ತಿರುಚಿದವಳು. ಈಗ ಏನು ಹೂಡಿದ್ದೀಯ? ತಟ್ಟೆಗೆ ಏನಾದರೂ ಮಾಡಿದ್ದೀಯಾ? ತಟ್ಟುಗಳನ್ನು ಅಳಿಸಿದ್ದೀಯಾ?

ಗೊಗ್ಗ ಮತ್ತೆ ತಾತನಿಗೆ ಫೋನು ಮಾಡಿದ. ಕವರು ಬಂದ ದಿನ ನೀನು ಅದನ್ನು ಹಿಡಿದುಕೊಂಡು ಅವರ ಕೋಣೆಗೆ ಬಂದೆಯಂತೆ. ಗಂಟೆ ಹೊಡೆಯುವವರೆಗೂ ಕೂತಿದ್ದೆಯಂತೆ. ಅವರು ಮಿಷನ್ ನಿಲ್ಲಿಸಿಬಿಟ್ಟರಂತೆ. “ಮಿಕ್ಕಿದ್ದು ನಾನು ಹೇಳೋ ವಿಷ್ಯ ಅಲ್ಲ” ಅಂತ ಫೋನು ಇಟ್ಟರಂತೆ.

ಆ ಚಿತ್ರದಲ್ಲಿ ನಿನಗೆ ಏನು ಕಂಡಿತು? ಬೇಜಾರಾಗಿದ್ದರೆ ಬಾಯಿಬಿಟ್ಟು ಬೈ. ಹೀಗೆ ಆಫೀಸಿನ ಚೀಟಿ ಬರೆಯಬೇಡ, ನನಗೆ ಭಯವಾಗುತ್ತದೆ.

ಡಬ್ಬಿ


ಏಪ್ರಿಲ್ ೯

ಡಬ್ಬಿ,

ಮುನ್ನೂರು ತಟ್ಟೆಗಳೂ ಹೊರಟಿವೆ. ಈ ಪತ್ರವನ್ನು ಮೊದಲ ಪೆಟ್ಟಿಗೆಯಲ್ಲಿ, ಒಂದನೇ ನಂಬರಿನ ಮೇಲೆ ಇಡುತ್ತಿದ್ದೇನೆ. ನಿಂತುಕೊಂಡು ಓದಬೇಡ, ಕೂತುಕೋ. ಗೊಗ್ಗನನ್ನು ಆಚೆಗೆ ಕಳಿಸು.

ತಟ್ಟೆಗೆ ನಾನು ಏನೂ ಮಾಡಿಲ್ಲ. ನೀನು ಹೇಳಿದ ಹಾಗೇ ಇದೆ, ಮೂರು ತಟ್ಟೂ ಇದೆ. ಮೊದಲೆರಡು ಸಲ ಸುಳ್ಳು ಹೇಳಿ ಫೇಲು ಮಾಡಿದ್ದು ನಿಜ. ತಮ್ಮ ನನ್ನನ್ನು ದೆವ್ವ ಮಾಡಿದ್ದಾನಲ್ಲ, ಅದೂ ಮುನ್ನೂರು ಪ್ರತಿ, ಅಂತ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಆಮೇಲೆ ಕವರು ಬಂತು.

ನೀನು ಬರೆದ ಹುಡುಗಿಯ ಬಲಗಣ್ಣು ಮುಚ್ಚಿಕೊಂಡಿದೆ. ಆ ಕಡೆಯ ಕೆನ್ನೆ ಊದಿದೆ, ತುಟಿ ಪಕ್ಕಕ್ಕೆ ಎಳೆದಿದೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ. ಅದು ರಾಕ್ಷಸಿಯ ಮುಖ ಅಂದುಕೊಂಡಿದ್ದೀಯ. ಅದು ಏಟು ತಿಂದ ಮುಖ ಕಣೋ. ಅದು ನನ್ನ ಮುಖ. ಆರು ವರ್ಷದ ಮಗು ಎಷ್ಟು ಸರಿಯಾಗಿ ನೋಡಿಟ್ಟುಕೊಂಡಿದೆ ಅಂತ ತಾತನ ಕೋಣೆಯಲ್ಲಿ ಕೂತು ಅತ್ತೆ.

ಅಪ್ಪ ಕೆಲಸ ಮಾಡುತ್ತಿದ್ದದ್ದು ಕಬ್ಬಿಣ ಬಡಿಯುವ ಕಡೆ. ರಾತ್ರಿಯೆಲ್ಲ ಆ ಸದ್ದಿನಲ್ಲಿ ನಿಂತು ಬೆಳಿಗ್ಗೆ ಬಂದು ಮಲಗಿದರೆ, ಮನೆಯಲ್ಲಿ ಚಮಚ ಬಿದ್ದರೂ ಅವರ ತಲೆಯೊಳಗೆ ಏನೋ ಒಡೆದುಹೋಗುತ್ತಿತ್ತು. ಎದ್ದು ಬಂದರೆ ಅವರು ಅಪ್ಪನಾಗಿರುತ್ತಿರಲಿಲ್ಲ. ನೀನೋ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುವ ಹುಡುಗ. ತಟ್ಟೆ, ಬಕೆಟ್ಟು, ಗೋಡೆ, ಹಿಟ್ಟಿನ ಡಬ್ಬಿ. ನಿನಗೆ ಡಬ್ಬಿ ಅಂತ ಹೆಸರು ಯಾಕೆ ಬಂತು ಅಂದುಕೊಂಡೆ? ಬೇಡ ಅಂದರೆ ಐದು ನಿಮಿಷ ಸುಮ್ಮನಿರುತ್ತಿದ್ದೆ, ಆಮೇಲೆ ಕೈ ತಾನಾಗೇ ಶುರು. ನಾಲ್ಕು ವರ್ಷದವನಿದ್ದಾಗ ನಿನ್ನ ಎಡಗೈ ಮುರಿಯಿತಲ್ಲ, ಮೆಟ್ಟಿಲಿಂದ ಬಿದ್ದೆ ಅಂತ ನಿನಗೆ ಹೇಳಿದ್ದೇವೆ. ನೀನು ಬೀಳಲಿಲ್ಲ.

ಅವತ್ತಿನಿಂದ ಮೇಲೆ ಮಂಚ ಕಿರುಗುಟ್ಟಿದ್ದು ಕೇಳಿದರೆ ಸಾಕು, ನಿನ್ನನ್ನು ಎತ್ತಿ ಕಪಾಟಿಗೆ ಹಾಕುತ್ತಿದ್ದೆ. ಅದರ ತುಂಬ ರಜಾಯಿ, ಒಳಗೆ ನೀನು ಎಷ್ಟು ಬಡಿದರೂ ಬಾಗಿಲಿಗೆ ಕಿವಿ ಹಚ್ಚದ ಹೊರತು ಹೊರಗೆ ಕೇಳುತ್ತಿರಲಿಲ್ಲ. ಬೀಗದ ಕೈ ಕೊರಳಿಗೆ ಹಾಕಿ ಫ್ರಾಕಿನೊಳಗೆ ಬಿಟ್ಟುಕೊಳ್ಳುತ್ತಿದ್ದೆ. ಹನ್ನೊಂದು ಮೆಟ್ಟಿಲು ಇಳಿದು ಬರುತ್ತಿದ್ದವಳು ನಾನಲ್ಲ, ಅಪ್ಪ. “ಎಲ್ಲಿ ಅವನು?” ಅಂದರೆ “ಪಕ್ಕದ ಮನೇಲಿ ಆಡ್ತಿದಾನೆ, ಸದ್ದು ಮಾಡಿದ್ದು ನಾನು” ಅನ್ನುತ್ತಿದ್ದೆ. ಆಮೇಲೆ ನೀನು ಕೇಳಿದ ಧಬ್ ಧಬ್.

ಏನದು ಅಂತ ನೀನು ಕೇಳಿದಾಗ ಬಾಯಿಗೆ ಬಂದದ್ದು ದಿಂಬು. ಹನ್ನೊಂದು ವರ್ಷದವಳಿಗೆ ಅದಕ್ಕಿಂತ ಒಳ್ಳೆಯ ಸುಳ್ಳು ಎಲ್ಲಿಂದ ಹೊಳೆಯಬೇಕು. ಆ ಸುಳ್ಳೇ ಇಪ್ಪತ್ತೈದು ವರ್ಷ ನಿನ್ನ ನಿದ್ದೆ ತಿಂದಿದೆ ಅಂತ ಈಗ ಗೊತ್ತಾಯಿತು. ಅದೊಂದು ತಪ್ಪು ನನ್ನದು, ಕ್ಷಮಿಸು.

ಮೂರು ತಟ್ಟು ಹೆದರಿಸಲು ಅಲ್ಲ. ‘ಅಪ್ಪ ಮೇಲೆ ಹೋದ್ರು, ಈಗ ತೆಗೀತೀನಿ’ ಅಂತ ಗುರುತು. ನಿನಗೆ ಹೇಳಿಕೊಟ್ಟಿದ್ದೆ. ನೀನು ಒಳಗಿನಿಂದ ಒಂದು ತಟ್ಟಬೇಕಿತ್ತು, ನಾನಿದ್ದೀನಿ ಅಂತ. ಮೊದಮೊದಲು ನೀನು ತಟ್ಟುತ್ತಿದ್ದೆ. ಒಂದು ದಿನ ತಟ್ಟಲಿಲ್ಲ. ಉಸಿರುಗಟ್ಟಿಹೋಯಿತೇನೋ ಅಂತ ಬೀಗದ ಕೈಯನ್ನು ದಾರದ ಸಮೇತ ಕೊರಳಿಂದ ಕಿತ್ತು ಬಾಗಿಲು ತೆಗೆದೆ. ನೀನು ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದೆ. ಆಮೇಲೆ ಯಾವತ್ತೂ ತಟ್ಟಲಿಲ್ಲ. ನಾನು ಮಾತ್ರ ಪ್ರತಿ ಸಲವೂ ತಟ್ಟಿ, ಸ್ವಲ್ಪ ಹೊತ್ತು ಕಾದು, ಆಮೇಲೆ ತೆಗೆಯುತ್ತಿದ್ದೆ.

ಅಪ್ಪ ಹೋದ ದಿನ ಅಮ್ಮ ನನ್ನ ತಲೆ ಮೇಲೆ ಕೈಯಿಟ್ಟು, “ಅವನಿಗೆ ಹೇಳಬೇಡ ಕಣೆ, ಒಬ್ಬನಿಗಾದ್ರೂ ಅಪ್ಪ ಅಂತ ಒಬ್ಬರಿರಲಿ” ಅಂದಳು. ರಜೆಯ ದಿನ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತಿಸಿದ್ದೂ ಅದೇ ಅಪ್ಪ, ಅದೇನು ಸುಳ್ಳಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಇಷ್ಟು ವರ್ಷ ಸಾಗಿಸಿದೆ. ಈಗ ಕೋಲು ಮುರಿಯಿತು.

ಏನೂ ಬದಲಾಯಿಸಬೇಡ. ತಟ್ಟೆ ಚೆನ್ನಾಗಿದೆ, ಕೆಲಸದವಳಾಗಿ ಹೇಳುತ್ತಿದ್ದೇನೆ.

ಅಕ್ಕ


ಮೇ ೪

ಡಬ್ಬಿ,

ಇಪ್ಪತ್ತೈದು ದಿನವಾಯಿತು. ನಂಬಿದೆಯೋ ಬಿಟ್ಟೆಯೋ ಒಂದು ಸಾಲು ಬರೆಯಲಿಲ್ಲ. ಬಿಡುಗಡೆ ಆಯಿತಂತೆ, ನೆಲಮಾಳಿಗೆ ತುಂಬಿ ಮೆಟ್ಟಿಲ ಮೇಲೂ ಜನ ಇದ್ದರಂತೆ. ಅದನ್ನೂ ತಾತನ ಬಾಯಿಂದ ಕೇಳಬೇಕಾಯಿತು. ಹೋಗಲಿ, ನಿನ್ನ ಸಿಟ್ಟು ನಿನಗೆ, ಅಂತ ಸುಮ್ಮನಿದ್ದೆ.

ಇವತ್ತು ಸೂಪರ್‌ವೈಸರ್ ಮೇಡಂ ನನ್ನ ಮೇಜಿನ ಮೇಲೆ ಮೂರು ತಟ್ಟೆ ತಂದು ಕುಕ್ಕಿದರು. ನಿನ್ನವೇ. ನಲವತ್ತೆರಡು, ನೂರ ಏಳು, ಇನ್ನೂರ ಅರವತ್ತು. ಕೊಂಡವರು ವಾಪಸು ಕಳಿಸಿದ್ದಾರೆ. ಮೂರರಲ್ಲೂ ಎರಡನೇ ಮುಖದ ಕೊನೆಯ ಸುತ್ತಿನ ಮೇಲೆ ಅಡ್ಡ ಗೀರು. ಮೂರರಲ್ಲೂ ಒಂದೇ ಜಾಗ, ಒಂದೇ ಉದ್ದ. “ಇದನ್ನ ಹೇಗೆ ಪಾಸು ಮಾಡಿದೆ? ಹನ್ನೆರಡು ವರ್ಷ ಕಣ್ಣಲ್ಲಿ ಏನಿಟ್ಕೊಂಡಿದ್ದೆ?” ಅಂದರು, ಎಲ್ಲರ ಎದುರಿಗೆ. ಹತ್ತು ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಕೊಡಬೇಕಂತೆ. ಇಲ್ಲದಿದ್ದರೆ ಮನೆಗೆ ನಡಿ.

ದೀಪದ ಕೆಳಗೆ ಹಿಡಿದು ನೋಡಿದೆ. ಮಿಷನ್ನಿನ ಗೀರಲ್ಲ ಅದು, ಕೈಯ ಗೀರು. ಬ್ಲೇಡು ಹಿಡಿದು ಅಳತೆ ಇಟ್ಟು ಎಳೆದದ್ದು. ಇಲ್ಲಿಂದ ಹೋಗುವಾಗ ಇರಲಿಲ್ಲ, ನನ್ನ ಕಣ್ಣಾಣೆ. ಅಂದರೆ ಮಾಡಿದ್ದು ನೀನು.

ಗೀರಿದ ತಟ್ಟೆಗೆ ನನ್ನ ಸಹಿ ಅಂಟಿಸಿ ಊರೆಲ್ಲ ಹಂಚಿದ್ದೀಯ. ನನ್ನ ಅನ್ನ ಕಸಿಯಬೇಕಿತ್ತೇ? ಅಪ್ಪನನ್ನು ನಿನ್ನಿಂದ ಕಿತ್ತುಕೊಂಡೆ ಅಂತ ಸೇಡೇ? ನಾನು ಏಟು ತಿಂದಿದ್ದೇನೆ ಅಂತ ಹೇಳಿಕೊಂಡದ್ದಕ್ಕೆ ಇದು ಕೊನೆಯ ಏಟೇ? ಹಾಗಿದ್ದರೆ ಚೆನ್ನಾಗಿ ಗುರಿಯಿಟ್ಟಿದ್ದೀಯ.

ಅಕ್ಕ


ಮೇ ೯

ಅಕ್ಕ,

ನೀನು ತಟ್ಟೆ ನೋಡಿದೆ, ಕೇಳಲಿಲ್ಲ. ಹೌದು ತಾನೇ? ಗೀರು ಕಂಡರೆ ಮುಳ್ಳು ಇಡುವ ಹಾಗಿಲ್ಲ ಅಂತ ನೀನೇ ಫೆಬ್ರುವರಿಯಲ್ಲಿ ಬರೆದಿದ್ದೆ. ನಾನು ದಡ್ಡ, ಅದನ್ನು ಮರೆತೆ.

ನಿನ್ನ ಪತ್ರವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಅನುಮಾನ ನನ್ನ ರಕ್ತದಲ್ಲೇ ಇದೆಯಲ್ಲ, ನೀನು ಕಥೆ ಕಟ್ಟಿದ್ದೀಯ ಅಂತಲೂ ಅನ್ನಿಸಿತು. ನೀನು ಕೆಲಸಕ್ಕೆ ಹೋದ ಹೊತ್ತು ನೋಡಿ ಅಮ್ಮನಿಗೆ ಫೋನು ಮಾಡಿದೆ. ನನ್ನ ಎಡಗೈ ಹೇಗೆ ಮುರಿಯಿತು ಅಂತ ಕೇಳಿದೆ. “ನಿನ್ನ ಕೈ ಒಂದು ಸಲ ಮುರೀತು. ಅವಳ ಕಣ್ಣು ಎಷ್ಟು ಸಲ ಊದಿತ್ತು ಅಂತ ಕೇಳು” ಅಂದಳು. ಅವಳು ಅತ್ತಳು, ನಾನೂ ಅತ್ತೆ. ನಿನಗೆ ಹೇಳಬೇಡ ಅಂದಳು. ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಇದನ್ನೇ ಹೇಳುವುದು.

ಅಪ್ಪನ ಸಾಲಿನ ಮೇಲೆ ಕಪ್ಪು ಟೇಪು ಅಂಟಿಸೋಣವೇ ಅಂತ ಗೊಗ್ಗ ಕೇಳಿದ. ಬೇಡ ಅಂದೆ. ಅವರನ್ನು ಏನು ಮಾಡಬೇಕು ಅಂತ ಇನ್ನೂ ಗೊತ್ತಾಗುತ್ತಿಲ್ಲ. ನಿನಗೋಸ್ಕರ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಿತ್ತು. ಗೊಗ್ಗ ಕಾಗದದಲ್ಲಿ ಅಳತೆ ಕತ್ತರಿಸಿಕೊಟ್ಟ. ಮುನ್ನೂರು ತಟ್ಟೆಯನ್ನೂ ನಾನೇ ಗೀರಿದೆ, ನಾಲ್ಕು ಹಗಲು. ತೋರುಬೆರಳು ಇನ್ನೂ ಮಡಚುವುದಿಲ್ಲ. ಅದಕ್ಕೇ ಬರೆಯುವುದು ತಡವಾಯಿತು ಅಂದರೆ ಅರ್ಧ ಸುಳ್ಳು. ಏನು ಬರೆಯುವುದು ಅಂತ ತಿಳಿಯಲಿಲ್ಲ, ಯಾರಾದರೂ ಗೀರು ಕಂಡು ವಾಪಸು ಕಳಿಸಿದರೆ ತಟ್ಟೆ ತಾನಾಗೇ ನಿನ್ನ ಹತ್ತಿರ ಬರುತ್ತದೆ, ನೀನು ಕೇಳುತ್ತೀಯ ಅಂದುಕೊಂಡೆ.

ಆಫೀಸಿಗೆ ಬೇರೆ ಪತ್ರ ಬರೆದಿದ್ದೇನೆ, ಗೀರು ನನ್ನದು, ನಿಮ್ಮವರ ತಪ್ಪಿಲ್ಲ ಅಂತ. ಕೆಳಗೆ ನನ್ನ ನಿಜವಾದ ಹೆಸರು ಹಾಕಿದ್ದೇನೆ, ಅವಳು ನನ್ನ ಅಕ್ಕ ಅಂತಲೂ ಬರೆದಿದ್ದೇನೆ. ಮುಖವಾಡ ಹೋದರೆ ಹೋಗಲಿ.

ಒಂದನೇ ನಂಬರಿನ ತಟ್ಟೆ ಇದರ ಜೊತೆಗಿದೆ. ನಿಯಮ ಒಂದು ಸಲ ಮುರಿ. ಮುಳ್ಳು ಕೆಟ್ಟರೆ ಹೊಸದು ಕೊಡಿಸುತ್ತೇನೆ.

ಡಬ್ಬಿ


ಮೇ ೧೩

ಡಬ್ಬಿ,

ಬಾಗಿಲು ಹಾಕಿಕೊಂಡು ಎರಡನೇ ಮುಖವನ್ನು ಮೊದಲಿಂದ ಹಾಕಿದೆ. ನಡುವೆ ಏಳಲಿಲ್ಲ. ಮುಳ್ಳು ಕೊನೆಗೆ ಬಂತು. ಟಕ್, ಟಕ್, ಟಕ್. ಅಭ್ಯಾಸ ನೋಡು, ನಾನು ಸ್ವಲ್ಪ ಕಾದೆ.

ಟಿಕ್.

ಮೊದಲ ಸುತ್ತಿಗೆ ನಂಬಿಕೆ ಬರಲಿಲ್ಲ. ಮತ್ತೆ ಬಂತು, ಮೂರು ನನ್ನದು, ಒಂದು ನಿನ್ನದು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಊಟದ ಗಂಟೆ ಹೊಡೆದದ್ದು ಸ್ಪಂಜಿನೊಳಗೆ ಕೇಳಲಿಲ್ಲ. ಕೊನೆಗೆ ತಾತ ಬಾಗಿಲು ತೆಗೆದು ಬಂದು, ನನ್ನ ಮುಖ ನೋಡಿ, ಮುಳ್ಳು ಎತ್ತಲು ಕೈ ಚಾಚಿದರು. “ಇರಲಿ ತಾತ, ಇನ್ನೊಂದು ಸುತ್ತು” ಅಂದೆ. ಅವರೂ ಅಲ್ಲೇ ನೆಲದ ಮೇಲೆ ಕೂತರು.

ಮೇಡಂ ಕೇಳಿದ ಉತ್ತರವನ್ನು ಬರೆದುಕೊಟ್ಟೆ. ಅದೇ ಹಳೆಯ ಚೀಟಿ. ದೋಷ ಅನ್ನುವ ಕಡೆ ಅಡ್ಡಗೆರೆ ಎಳೆದೆ. ಷರಾ ಅನ್ನುವ ಕಡೆ ಬರೆದೆ: ‘ಕೊನೆಯ ಸುತ್ತಿನಲ್ಲಿ ಒಂದು ತಟ್ಟು ತಡವಾಗಿ ಬಂದಿದೆ. ಬಂದಿದೆ.’

ಅಕ್ಕ